ಬೆಟ್ಟದ ದಾರಿಯಲ್ಲಿ ಜಿಪಿಎಸ್ ತಪ್ಪು ಹೇಳಿದಾಗ...

2024ರ ಡಿಸೆಂಬರ್ ತಿಂಗಳು. ಬಿಹಾರದಿಂದ ಗೋವಾಕ್ಕೆ ಕಾರಿನಲ್ಲಿ ಹೊರಟಿದ್ದ ಕುಟುಂಬವೊಂದು ಮೊಬೈಲ್ ನಕ್ಷೆ ತೋರಿಸಿದ ದಾರಿಯನ್ನು ನಂಬಿ ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನ ದಟ್ಟ ಕಾಡಿನೊಳಕ್ಕೆ ಹೊಕ್ಕಿತು. ಮುಂದೆ ದಾರಿ ಇಲ್ಲ, ಸಹಾಯಕ್ಕೆ ಕರೆಯೋಣವೆಂದರೆ ಮೊಬೈಲಿಗೆ ಸಿಗ್ನಲ್ ಇಲ್ಲ. ರಾತ್ರಿಯನ್ನು ಕಾರಿನಲ್ಲೇ ಕಳೆದ ಆ ಜನ, ಕೆಲವು ಕಿಲೋಮೀಟರ್ ಸಾಗಿ ಸಿಗ್ನಲ್ ಸಿಕ್ಕ ಜಾಗದಿಂದ 112ಕ್ಕೆ ಕರೆ ಮಾಡಿದ ಮೇಲೆ ಪೊಲೀಸರು ಬಂದು ಅವರನ್ನು ಹೊರಗೆ ಕರೆತಂದರು.

ಖಾನಾಪುರದ ಆ ಕಾಡು ಅಲ್ಲಿಗೇ ಮುಗಿಯುವುದಿಲ್ಲ. ತಾಲ್ಲೂಕಿನ ಗಡಿ ದಾಟಿದರೆ ಉತ್ತರ ಕನ್ನಡದ ಜೋಯಿಡಾ, ಹಳಿಯಾಳ, ದಾಂಡೇಲಿಗಳ ಕಾಡು. ರಜೆ ಬಂದರೆ ಸಾಕು, ರಾಜ್ಯದ ನಾನಾ ಕಡೆಯ ಶಾಲೆ–ಕಾಲೇಜುಗಳ ಮಕ್ಕಳು ಬೆಟ್ಟ ಹತ್ತಲು, ಹಕ್ಕಿ ನೋಡಲು, ಕಾಳಿ ನದಿಯಲ್ಲಿ ತೆಪ್ಪ ಹಾಯಲು ಇತ್ತ ಬರುತ್ತಾರೆ. ಹಿಂದೆ ಇಂಥ ಗುಂಪಿನ ಮುಂದೆ ಊರಿನ ಹಿರಿಯನೊಬ್ಬ ಕತ್ತಿ ಹಿಡಿದು ನಡೆಯುತ್ತಿದ್ದ. ಈಗ ಗುಂಪಿನ ಮುಂದಾಳುವಿನ ಕೈಯಲ್ಲಿ ಅಂಗೈಯಗಲದ ಜಿಪಿಎಸ್ ಉಪಕರಣ ಅಥವಾ ಮೊಬೈಲ್ ಇರುತ್ತದೆ. ಕಾರಿನಲ್ಲಿದ್ದವರಿಗೆ ರಾತ್ರಿ ಕಳೆಯಲು ನಾಲ್ಕು ಬಾಗಿಲುಗಳ ಆಸರೆಯಾದರೂ ಇತ್ತು. ಕಾಲ್ನಡಿಗೆಯವರಿಗೆ ಅದೂ ಇಲ್ಲ.

ಹಾಗಾದರೆ ಈ ಉಪಕರಣವನ್ನು ಎಷ್ಟು ನಂಬಬೇಕು? ಅದು ತಪ್ಪು ಹೇಳುವುದೇಕೆ? ತಪ್ಪು ಹೇಳುತ್ತಿದೆ ಎಂದು ತಿಳಿಯುವುದು ಹೇಗೆ? ವಿದ್ಯಾರ್ಥಿಗಳಷ್ಟೇ ಅಲ್ಲ, ಅವರನ್ನು ಪ್ರವಾಸಕ್ಕೆ ಕಳುಹಿಸುವ ತಂದೆ–ತಾಯಿಯರೂ ತಿಳಿದಿರಬೇಕಾದ ಸಂಗತಿಗಳಿವು.

ಎರಡು ಬಗೆಯ ತಪ್ಪು

ಮೊದಲಿಗೆ ಒಂದು ವ್ಯತ್ಯಾಸವನ್ನು ಗುರುತಿಸಬೇಕು. ಜಿಪಿಎಸ್ ಉತ್ತರಿಸುವ ಪ್ರಶ್ನೆ ಒಂದೇ: ‘ನಾನೀಗ ಭೂಮಿಯ ಮೇಲೆ ಎಲ್ಲಿದ್ದೇನೆ?’ ‘ಇಲ್ಲಿಂದ ದಾರಿ ಎಲ್ಲಿದೆ?’ ಎಂಬ ಪ್ರಶ್ನೆಗೆ ಉತ್ತರ ಹೇಳುವುದು ಉಪಕರಣದೊಳಗೆ ತುಂಬಿರುವ ನಕ್ಷೆ. ಮೊದಲನೆಯ ಉತ್ತರ ಸರಿಯಿದ್ದು ಎರಡನೆಯದು ತಪ್ಪಾಗಬಹುದು. 2024ರ ನವೆಂಬರಿನಲ್ಲಿ ಉತ್ತರ ಪ್ರದೇಶದ ಬರೇಲಿಯ ಬಳಿ ರಾಮಗಂಗಾ ನದಿಯ ಅಪೂರ್ಣ ಸೇತುವೆಯಿಂದ ಕಾರು ಕೆಳಕ್ಕೆ ಬಿದ್ದು ಮೂವರು ಸತ್ತರು. ನಕ್ಷೆಗೆ ಸೇತುವೆ ಮುರಿದಿದ್ದು ಗೊತ್ತಿರಲಿಲ್ಲ. ಅಮೆರಿಕದ ಡೆತ್ ವ್ಯಾಲಿ ಮರುಭೂಮಿಯಲ್ಲಿ ಜನ ಹಳೆಯ, ಪಾಳುಬಿದ್ದ ದಾರಿಗಳನ್ನು ಯಂತ್ರ ತೋರಿಸಿತೆಂದು ಹಿಡಿದು ಸಿಲುಕಿಕೊಳ್ಳುವುದನ್ನು ಕಂಡ ಅಲ್ಲಿನ ಕಾವಲುಗಾರರು ಅದಕ್ಕೆ ‘ಜಿಪಿಎಸ್ ಸಾವು’ ಎಂದೇ ಹೆಸರಿಟ್ಟರು.

ಪೇಟೆಯಲ್ಲಿ ತೊಂದರೆ ಕೊಡುವುದು ಹೆಚ್ಚಾಗಿ ಈ ನಕ್ಷೆಯ ತಪ್ಪು. ಘಟ್ಟದ ಕಾಡಿನಲ್ಲಿ ಮಾತ್ರ ಎರಡೂ ತಪ್ಪುಗಳು ಜೊತೆಗೂಡುತ್ತವೆ. ದನಗಳು ತುಳಿದ ಜಾಡು, ಮರ ಸಾಗಿಸಲು ಎಂದೋ ಮಾಡಿದ ರಸ್ತೆ, ಮಳೆಗಾಲದಲ್ಲಿ ಕೊಚ್ಚಿಹೋದ ಕಾಲುದಾರಿ ಎಲ್ಲವೂ ನಕ್ಷೆಯಲ್ಲಿ ಒಂದೇ ಗೆರೆ. ಅದರ ಮೇಲೆ ನಮ್ಮನ್ನು ಗುರುತಿಸುವ ಚುಕ್ಕಿಯೂ ಅಲುಗಾಡುತ್ತಿರುತ್ತದೆ.

ಮೂರು ಊರು, ಮೂರು ವೃತ್ತ

ಜಿಪಿಎಸ್‌ನ ಉಪಗ್ರಹಗಳು ಭೂಮಿಯಿಂದ ಸುಮಾರು 20,200 ಕಿ.ಮೀ. ಎತ್ತರದಲ್ಲಿ ದಿನಕ್ಕೆ ಎರಡು ಸುತ್ತು ಹಾಕುತ್ತವೆ. ವ್ಯವಸ್ಥೆ ನಡೆಯಲು ಕನಿಷ್ಠ 24 ಉಪಗ್ರಹಗಳು ಬೇಕು. ಪ್ರತಿಯೊಂದರಲ್ಲೂ ಪರಮಾಣು ಗಡಿಯಾರವಿದೆ. ಉಪಗ್ರಹ ‘ಈಗ ಸಮಯ ಇಷ್ಟು, ನಾನಿರುವುದು ಇಲ್ಲಿ’ ಎಂದು ರೇಡಿಯೋ ಅಲೆಯ ಮೂಲಕ ಸಾರುತ್ತಲೇ ಇರುತ್ತದೆ. ಆ ಅಲೆ ನಮ್ಮನ್ನು ತಲುಪಲು ಒಂದು ಸೆಕೆಂಡಿನ ನೂರರಲ್ಲಿ ಏಳು ಭಾಗದಷ್ಟು ಹೊತ್ತು ಸಾಕು. ಕೈಯಲ್ಲಿರುವ ಉಪಕರಣ ಆ ಹೊತ್ತನ್ನು ಅಳೆದು ಬೆಳಕಿನ ವೇಗದಿಂದ ಗುಣಿಸಿ, ಉಪಗ್ರಹ ಎಷ್ಟು ದೂರದಲ್ಲಿದೆ ಎಂದು ಲೆಕ್ಕ ಹಾಕುತ್ತದೆ. ಇದರಲ್ಲಿ ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಭಾಗ ತಪ್ಪಿದರೂ ದೂರದಲ್ಲಿ 300 ಮೀಟರ್ ವ್ಯತ್ಯಾಸ! ಐನ್‌ಸ್ಟೀನರ ಸಾಪೇಕ್ಷತಾ ಸಿದ್ಧಾಂತದಂತೆ ಉಪಗ್ರಹದ ಗಡಿಯಾರ ನೆಲದ ಗಡಿಯಾರಕ್ಕಿಂತ ದಿನಕ್ಕೆ ಸುಮಾರು 38 ಮೈಕ್ರೋಸೆಕೆಂಡ್ ಮುಂದೋಡುತ್ತದೆ. ಅದನ್ನು ಸರಿಪಡಿಸದಿದ್ದರೆ ಒಂದೇ ದಿನದಲ್ಲಿ 11 ಕಿ.ಮೀ.ಗಳಷ್ಟು ತಪ್ಪು ಕೂಡಿಕೊಳ್ಳುತ್ತಿತ್ತು.

ದೂರ ಗೊತ್ತಾದರೆ ಸ್ಥಳ ಹೇಗೆ ಗೊತ್ತಾಗುತ್ತದೆ? ಉಪಗ್ರಹಗಳನ್ನು ಬಿಟ್ಟು ನಮ್ಮ ಊರುಗಳನ್ನೇ ತೆಗೆದುಕೊಳ್ಳೋಣ. ಒಬ್ಬ ಪ್ರಯಾಣಿಕನಿಗೆ ತಾನೆಲ್ಲಿದ್ದೇನೆಂದು ತಿಳಿಯದು. ಆದರೆ ಹಳಿಯಾಳ ತನ್ನಿಂದ ನೇರ ಗೆರೆಯಲ್ಲಿ ಸುಮಾರು 17 ಕಿ.ಮೀ. ಎಂದು ಗೊತ್ತು. ಅಂದರೆ ಹಳಿಯಾಳವನ್ನು ಕೇಂದ್ರವಾಗಿಟ್ಟು 17 ಕಿ.ಮೀ. ತ್ರಿಜ್ಯದಲ್ಲಿ ಎಳೆದ ವೃತ್ತದ ಮೇಲೆ ಎಲ್ಲೋ ಅವನಿದ್ದಾನೆ. ಜೋಯಿಡಾ ಕೂಡ ಸುಮಾರು 17 ಕಿ.ಮೀ. ಎಂದು ತಿಳಿದರೆ ಎರಡನೆಯ ವೃತ್ತ. ಮುಂಡಗೋಡ ಸುಮಾರು 55 ಕಿ.ಮೀ. ಎಂದರೆ ಮೂರನೆಯದು. ಮೂರೂ ವೃತ್ತಗಳು ಕೂಡುವ ಜಾಗ ದಾಂಡೇಲಿ! ಜಿಪಿಎಸ್ ಮಾಡುವುದೂ ಇದನ್ನೇ, ವೃತ್ತಗಳ ಬದಲು ಗೋಳಗಳನ್ನು ಬಳಸುತ್ತದೆ. ಉಪಕರಣದ ಅಗ್ಗದ ಗಡಿಯಾರದ ತಪ್ಪನ್ನೂ ಕಂಡುಹಿಡಿಯಬೇಕಾದ್ದರಿಂದ ಅದಕ್ಕೆ ಕನಿಷ್ಠ ನಾಲ್ಕು ಉಪಗ್ರಹಗಳು ಬೇಕು.

ಇದೇ ಉದಾಹರಣೆಯಲ್ಲಿ ಇನ್ನೊಂದು ಪಾಠವೂ ಅಡಗಿದೆ. ನಕ್ಷೆ ತೆಗೆದು ನೋಡಿದರೆ ಹಳಿಯಾಳ, ದಾಂಡೇಲಿ, ಜೋಯಿಡಾ ಹೆಚ್ಚುಕಡಿಮೆ ಒಂದೇ ಗೆರೆಯ ಮೇಲಿವೆ. ಹಾಗಾಗಿ ಮೊದಲ ಎರಡು ವೃತ್ತಗಳು ಒಂದನ್ನೊಂದು ಬರಿದೇ ಸವರುತ್ತವೆ. ಲೆಕ್ಕಕ್ಕಾಗಿ ಹಳಿಯಾಳ–ಜೋಯಿಡಾ ನಡುವಿನ ನೇರ ಅಂತರ 34 ಕಿ.ಮೀ. ಎಂದಿಟ್ಟುಕೊಳ್ಳೋಣ. ಎರಡೂ ದೂರಗಳನ್ನು ಅಳೆಯುವಾಗ ಅರ್ಧ ಕಿ.ಮೀ. ತಪ್ಪಾಗಿ, 17ರ ಬದಲು 17.5 ಕಿ.ಮೀ. ಎಂದು ಬಂದರೆ? ವೃತ್ತಗಳು ಈಗ ಎರಡು ಕಡೆ ಛೇದಿಸುತ್ತವೆ. ಪೈಥಾಗೊರಸನ ಪ್ರಮೇಯ ಹಾಕಿದರೆ, 17.5ರ ವರ್ಗದಿಂದ 17ರ ವರ್ಗವನ್ನು ಕಳೆದು ವರ್ಗಮೂಲ ತೆಗೆದಾಗ ಬರುವುದು ಸುಮಾರು 4.15. ಎಂದರೆ ಪ್ರಯಾಣಿಕ ದಾಂಡೇಲಿಯಿಂದ ನಾಲ್ಕು ಕಿ.ಮೀ. ವಾಯವ್ಯಕ್ಕೂ ಇರಬಹುದು, ನಾಲ್ಕು ಕಿ.ಮೀ. ಆಗ್ನೇಯಕ್ಕೂ ಇರಬಹುದು. ಅರ್ಧ ಕಿ.ಮೀ. ತಪ್ಪು ಎಂಟು ಪಟ್ಟು ಹಿಗ್ಗಿತು! ಬೇರೆ ದಿಕ್ಕಿನಲ್ಲಿರುವ ಮುಂಡಗೋಡ ಸಾಕ್ಷಿ ಹೇಳಿದಾಗಲೇ ಈ ಗೊಂದಲ ತಿಳಿಯಾಗುವುದು. ಸಾಕ್ಷಿಗಳು ಎಷ್ಟು ಜನ ಎಂಬುದಷ್ಟೇ ಅಲ್ಲ, ಯಾವ ಯಾವ ದಿಕ್ಕಿನಲ್ಲಿ ನಿಂತಿದ್ದಾರೆ ಎಂಬುದೂ ಮುಖ್ಯ.

ಕಣಿವೆಯಲ್ಲಿ ಏನಾಗುತ್ತದೆ?

ಈಗ ಬೆಟ್ಟಕ್ಕೆ ಬರೋಣ. ಬಾವಿಯೊಳಗಿನ ಕಪ್ಪೆಗೆ ಕಾಣುವ ಆಕಾಶ ಎಷ್ಟು? ತಲೆಯ ಮೇಲಿನ ಒಂದು ತುಂಡು ಮಾತ್ರ. ಕಾನೇರಿ ನದಿಯ ಸಿಂಥೇರಿ ಬಂಡೆಯಂಥ ಕಡಿದಾದ ಗೋಡೆಯ ಬುಡದಲ್ಲಿ ನಿಂತವರ ಸ್ಥಿತಿಯೂ ಅದೇ. ದಿಗಂತದ ಕಡೆಯ ಉಪಗ್ರಹಗಳು ಮರೆಯಾಗಿ, ಕಾಣುವ ಕೆಲವೂ ಆಕಾಶದ ಒಂದೇ ಮೂಲೆಯಲ್ಲಿ ಗುಂಪಾಗಿರುತ್ತವೆ. ಹಳಿಯಾಳ–ಜೋಯಿಡಾ ವೃತ್ತಗಳಂತೆ ಅವುಗಳ ಗೋಳಗಳೂ ಒಂದನ್ನೊಂದು ಸವರುತ್ತವೆ, ಸಣ್ಣ ತಪ್ಪು ದೊಡ್ಡದಾಗುತ್ತದೆ.

ಎರಡನೆಯ ತೊಂದರೆ ಪ್ರತಿಧ್ವನಿ. ಕಣಿವೆಯಲ್ಲಿ ಕೂಗಿದರೆ ಧ್ವನಿ ಎದುರಿನ ಬಂಡೆಗೆ ತಾಗಿ ಮರಳುವಂತೆ, ಉಪಗ್ರಹದ ಅಲೆಯೂ ಬಂಡೆಗೆ ತಾಗಿ ಬಳಸು ದಾರಿಯಲ್ಲಿ ಉಪಕರಣವನ್ನು ಸೇರುತ್ತದೆ. ಉಪಕರಣಕ್ಕೆ ಅದು ಬಳಸಿ ಬಂದದ್ದು ತಿಳಿಯದೆ ಉಪಗ್ರಹ ಇನ್ನಷ್ಟು ದೂರವಿದೆ ಎಂದು ಭಾವಿಸುತ್ತದೆ. ಚುಕ್ಕಿ ಇದ್ದಕ್ಕಿದ್ದಂತೆ ಆಚೆ ದಡಕ್ಕೆ ಹಾರುವುದಕ್ಕೆ ಇದೇ ಮುಖ್ಯ ಕಾರಣ.

ಮೂರನೆಯದು ಎಲೆಗಳ ಚಪ್ಪರ. ಜಿಪಿಎಸ್‌ನ ಮುಖ್ಯ ಅಲೆಯ ಉದ್ದ ಸುಮಾರು 19 ಸೆಂಟಿಮೀಟರ್. ನೆಲ ಮುಟ್ಟುವ ಹೊತ್ತಿಗೆ ಅದು ಅತಿ ಕ್ಷೀಣವಾಗಿರುತ್ತದೆ. ತೇಗದ ಮರಗಳು ಎಲೆ ಉದುರಿಸಿದ ಬೇಸಿಗೆಯಲ್ಲಿ ಹಳಿಯಾಳದ ಕಡೆ ಚೆನ್ನಾಗಿ ಕೆಲಸ ಮಾಡಿದ ಉಪಕರಣ, ಮಳೆಯಲ್ಲಿ ತೊಯ್ದ ಜೋಯಿಡಾದ ನಿತ್ಯಹರಿದ್ವರ್ಣ ಕಾಡಿನಲ್ಲಿ ತಡವರಿಸಿದರೆ ಆಶ್ಚರ್ಯವಿಲ್ಲ. ಒದ್ದೆ ಎಲೆ, ಮರದ ಬೊಡ್ಡೆ, ನಮ್ಮದೇ ಮೈ – ನೀರಿರುವ ಎಲ್ಲವೂ ಆ ಅಲೆಯನ್ನು ಹೀರುತ್ತವೆ.

ನಾಲ್ಕನೆಯ ಕಾರಣ ಕಣ್ಣಿಗೆ ಕಾಣದು. ವಾತಾವರಣದ ಮೇಲ್ಭಾಗದಲ್ಲಿ ವಿದ್ಯುತ್ ಕಣಗಳಿಂದ ಕೂಡಿದ ಅಯಾನುಗೋಳವಿದೆ. ಅದು ರೇಡಿಯೋ ಅಲೆಯನ್ನು ತುಸು ತಡೆದು ಕಳುಹಿಸುತ್ತದೆ. ಭೂಕಾಂತದ ಸಮಭಾಜಕ ದಕ್ಷಿಣ ಭಾರತದ ತುದಿಯಲ್ಲಿ ಹಾದುಹೋಗುವುದರಿಂದ ನಮ್ಮ ಕಡೆ ಈ ಪದರದ ಏರಿಳಿತ ಹೆಚ್ಚು, ಅದರಲ್ಲೂ ಸೂರ್ಯಾಸ್ತದ ನಂತರದ ಕೆಲವು ತಾಸು. ದಾರಿ ತಪ್ಪಿದವರಿಗೆ ಯಂತ್ರದ ಅಗತ್ಯ ಹೆಚ್ಚಾಗಿ ಬೀಳುವುದೂ ಅದೇ ಹೊತ್ತಿನಲ್ಲಿ!

ಮೊಬೈಲ್ ಹಿಡಿದವರಿಗೆ ಇನ್ನೊಂದು ಅಡಚಣೆ. ಉಪಗ್ರಹಗಳು ಎಲ್ಲಿವೆ ಎಂಬ ಮಾಹಿತಿಯನ್ನು ಮೊಬೈಲ್ ಪೇಟೆಯಲ್ಲಿ ಅಂತರಜಾಲದಿಂದ ಕ್ಷಣಾರ್ಧದಲ್ಲಿ ಪಡೆಯುತ್ತದೆ. ನೆಟ್‌ವರ್ಕ್ ಇಲ್ಲದ ಕಡೆ ಅದನ್ನು ಉಪಗ್ರಹದಿಂದಲೇ ನಿಧಾನವಾಗಿ ಕೇಳಿಸಿಕೊಳ್ಳಬೇಕು. ಒಂದು ಉಪಗ್ರಹದ ಸ್ವಂತ ವಿವರಕ್ಕೆ ಅರ್ಧ ನಿಮಿಷ, ಎಲ್ಲ ಉಪಗ್ರಹಗಳ ಪಂಚಾಂಗಕ್ಕೆ ಹನ್ನೆರಡೂವರೆ ನಿಮಿಷ. ನಡುವೆ ಮರ ಅಡ್ಡ ಬಂದರೆ ಮತ್ತೆ ಮೊದಲಿನಿಂದ ಕಾಯಬೇಕು. ನೆಟ್‌ವರ್ಕ್ ಇಲ್ಲದಿದ್ದರೆ ಜಿಪಿಎಸ್ ಸತ್ತಿತೆಂದು ತಿಳಿಯುವುದು ತಪ್ಪು. ಅದಕ್ಕೆ ಬೇಕಾದ್ದು ತೆರೆದ ಆಕಾಶ ಮತ್ತು ತಾಳ್ಮೆ.

ಅಂಕಿಗಳ ಮೋಸ

ಉಪಕರಣ ಸರಿಯಿದ್ದೂ ಬಳಸುವವರ ಅಜಾಗ್ರತೆಯಿಂದ ಆಗುವ ತಪ್ಪುಗಳೂ ಕಡಿಮೆಯಲ್ಲ.

ಸರ್ವೆ ಆಫ್ ಇಂಡಿಯಾದ ಹಳೆಯ ನಕ್ಷೆಗಳನ್ನು ತಯಾರಿಸಿದ್ದು ‘ಎವರೆಸ್ಟ್ 1830’ ಎಂಬ ಭೂಮಿಯ ಮಾದರಿಯ ಮೇಲೆ. ಲ್ಯಾಂಬ್ಟನ್ 1802ರಲ್ಲಿ ಮದರಾಸಿನಲ್ಲಿ ಆರಂಭಿಸಿದ ಮಹಾ ತ್ರಿಕೋನಮಿತಿ ಸರ್ವೆಯನ್ನು ಮುಂದುವರಿಸಿದ ಜಾರ್ಜ್ ಎವರೆಸ್ಟ್ ಲೆಕ್ಕ ಹಾಕಿದ ಆಕಾರ ಅದು. ಜಿಪಿಎಸ್ ಬಳಸುವುದು ‘ಡಬ್ಲ್ಯುಜಿಎಸ್ 84’ ಎಂಬ ಬೇರೊಂದು ಮಾದರಿಯನ್ನು. ಎರಡರಲ್ಲೂ ಒಂದೇ ಅಕ್ಷಾಂಶ–ರೇಖಾಂಶ ಗುರುತಿಸಿದರೆ ನಮ್ಮ ಸೀಮೆಯಲ್ಲಿ ನೆಲದ ಮೇಲೆ ನೂರು ಮೀಟರಿಗೂ ಮೀರಿದ ಅಂತರ ಬೀಳುತ್ತದೆ. ಕಾಡಿನಲ್ಲಿ ಅಷ್ಟು ಸಾಕು, ಬೇರೊಂದು ಹಳ್ಳದ ದಂಡೆಗೆ ಹೋಗಿ ನಿಲ್ಲುತ್ತೇವೆ. 2005ರ ರಾಷ್ಟ್ರೀಯ ನಕ್ಷೆ ನೀತಿಯ ನಂತರ ಸಾರ್ವಜನಿಕರಿಗಾಗಿ ಬಂದ ನಕ್ಷೆಗಳು ಡಬ್ಲ್ಯುಜಿಎಸ್ 84 ಮಾದರಿಯವು. ಕೈಯಲ್ಲಿರುವ ನಕ್ಷೆ ಯಾವುದೆಂದು ಅದರ ಅಂಚಿನಲ್ಲಿ ಓದಿ, ಉಪಕರಣವನ್ನು ಅದಕ್ಕೆ ಹೊಂದಿಸಿಕೊಳ್ಳಬೇಕು.

ಇದಕ್ಕಿಂತ ದೊಡ್ಡ ತಪ್ಪು ಡಿಗ್ರಿಗಳನ್ನು ಬರೆಯುವುದರಲ್ಲಿ ಆಗುತ್ತದೆ. 15 ಡಿಗ್ರಿ 14 ಮಿನಿಟು 30 ಸೆಕೆಂಡ್ ಎಂಬ ಅಕ್ಷಾಂಶವನ್ನು ದಶಮಾಂಶದಲ್ಲಿ 15.2417 ಎಂದು ಬರೆಯಬೇಕು. ಅವಸರದಲ್ಲಿ 15.1430 ಎಂದು ಒತ್ತಿದರೆ? ಒಂದು ಡಿಗ್ರಿ ಅಕ್ಷಾಂಶಕ್ಕೆ ಸುಮಾರು 111 ಕಿ.ಮೀ. ಲೆಕ್ಕದಲ್ಲಿ ಗುರಿಯೇ ಹನ್ನೊಂದು ಕಿ.ಮೀ. ದಕ್ಷಿಣಕ್ಕೆ ಜಾರುತ್ತದೆ! ಯಂತ್ರ ಕೆಟ್ಟಿಲ್ಲ, ಹೇಳಿದ ಜಾಗವನ್ನೇ ತೋರಿಸುತ್ತಿದೆ.

ಎತ್ತರದ ವಿಷಯದಲ್ಲಂತೂ ಇನ್ನೂ ಎಚ್ಚರ ಬೇಕು. ಶ್ರೀಲಂಕಾದ ದಕ್ಷಿಣದ ಹಿಂದೂ ಮಹಾಸಾಗರದಲ್ಲಿ ಭೂಮಿಯ ಗುರುತ್ವ ದುರ್ಬಲವಾಗಿದ್ದು, ಅಲ್ಲಿ ಸಮುದ್ರಮಟ್ಟ ಲೆಕ್ಕದ ಗೋಳಕ್ಕಿಂತ ನೂರು ಮೀಟರಿಗೂ ಹೆಚ್ಚು ತಗ್ಗಿದೆ. ಆ ತಗ್ಗಿನ ಅಂಚು ದಕ್ಷಿಣ ಭಾರತಕ್ಕೂ ಚಾಚಿದೆ. ಈ ವ್ಯತ್ಯಾಸವನ್ನು ಸರಿಪಡಿಸದ ಉಪಕರಣ ಹಿಡಿದು ಕಾರವಾರದ ಕಡಲ ದಂಡೆಯಲ್ಲಿ ನಿಂತರೆ, ಸಮುದ್ರಮಟ್ಟಕ್ಕಿಂತ ಹತ್ತಾರು ಮೀಟರ್ ಕೆಳಗಿದ್ದೀರಿ ಎಂದು ಅದು ತೋರಿಸುತ್ತದೆ.

ಮನೆಯ ಕಪಾಟಿನಲ್ಲಿ ವರ್ಷಗಟ್ಟಲೆ ಇದ್ದ ಉಪಕರಣವಾದರೆ ಮೊದಲು ತಾರೀಖು ನೋಡಬೇಕು. ಜಿಪಿಎಸ್ 1980ರ ಜನವರಿ 6ರಿಂದ ವಾರಗಳನ್ನು ಎಣಿಸುತ್ತದೆ. ಎಣಿಕೆ 1024 ವಾರ ತುಂಬಿದೊಡನೆ ಮತ್ತೆ ಸೊನ್ನೆಗೆ ಬರುತ್ತದೆ. ಹೀಗಾದದ್ದು 1999ರ ಆಗಸ್ಟಿನಲ್ಲಿ ಮತ್ತು 2019ರ ಏಪ್ರಿಲ್‌ನಲ್ಲಿ. ಅದಕ್ಕೆ ಸಿದ್ಧವಾಗಿರದ ಹಳೆಯ ಉಪಕರಣಗಳು ಇಪ್ಪತ್ತು ವರ್ಷ ಹಿಂದಿನ ತಾರೀಖು ತೋರಿಸುತ್ತವೆ. ತಾರೀಖೇ ತಪ್ಪಿದ ಉಪಕರಣವನ್ನು ಕಾಡಿಗೆ ಒಯ್ಯದಿರುವುದು ಲೇಸು.

ಮೊದಲಿಗಿಂತ ಈಗ ವಾಸಿ

ಇಷ್ಟು ಕೇಳಿ ಯಂತ್ರವೇ ಬೇಡವೆಂದು ಎಸೆಯಬೇಕಿಲ್ಲ. ಅಮೆರಿಕದ ಸೇನೆಗಾಗಿ ಹುಟ್ಟಿದ ಜಿಪಿಎಸ್ ಜನಸಾಮಾನ್ಯರಿಗೆ ದೊರೆಯುವಂತಾದದ್ದಕ್ಕೆ ಒಂದು ದುರಂತ ಕಾರಣ. 1983ರ ಸೆಪ್ಟೆಂಬರ್ 1ರಂದು ದಾರಿ ತಪ್ಪಿ ಸೋವಿಯತ್ ಗಡಿಯೊಳಗೆ ಹೋದ ಕೊರಿಯಾದ ವಿಮಾನವನ್ನು ಹೊಡೆದುರುಳಿಸಲಾಯಿತು. ಅದರಲ್ಲಿದ್ದ 269 ಜನರೂ ಸತ್ತರು. ಆಗ ಅಮೆರಿಕ ಈ ಸೌಲಭ್ಯವನ್ನು ನಾಗರಿಕರಿಗೂ ಕೊಡುವುದಾಗಿ ಸಾರಿತು. ಆದರೂ ಬೇಕೆಂದೇ ತಪ್ಪು ಬೆರೆಸಿದ ಸಂಕೇತ ಕೊಡುತ್ತಿದ್ದುದರಿಂದ ಸುಮಾರು ನೂರು ಮೀಟರ್ ವ್ಯತ್ಯಾಸ ಸಾಮಾನ್ಯವಾಗಿತ್ತು. 2000ದ ಮೇ ತಿಂಗಳಲ್ಲಿ ಆ ಬೆರಕೆ ನಿಂತಿತು. ಈಗ ತೆರೆದ ಬಯಲಿನಲ್ಲಿ ಸಾಧಾರಣ ಮೊಬೈಲ್ ಕೂಡ ಸುಮಾರು 5 ಮೀಟರ್ ಒಳಗಿನ ಉತ್ತರ ಕೊಡುತ್ತದೆ. ರಷ್ಯಾ, ಯೂರೋಪ್, ಚೀನಾಗಳ ಉಪಗ್ರಹಗಳನ್ನೂ ಹಲವು ಉಪಕರಣಗಳು ಬಳಸುತ್ತವೆ.

ಭಾರತದ್ದೇ ಆದ ‘ನಾವಿಕ್’ ವ್ಯವಸ್ಥೆಯ ಮೊದಲ ಉಪಗ್ರಹ ಹಾರಿದ್ದು 2013ರ ಜುಲೈ 1ರಂದು. ಬೆಂಗಳೂರಿನ ಬಳಿಯ ಬ್ಯಾಲಾಳುವಿನಲ್ಲಿ ಇಸ್ರೋದ ಸಂಚಾರ ನಿರ್ದೇಶನ ಕೇಂದ್ರವಿದೆ. ನಾವಿಕ್ ಉಪಗ್ರಹಗಳು ನಮ್ಮ ಆಕಾಶದಲ್ಲಿ ಎತ್ತರದಲ್ಲಿ ಕಾಣುವಂತೆ ಇರಿಸಿದವು, ಕಣಿವೆಯಲ್ಲಿರುವವರಿಗೆ ಇದು ಅನುಕೂಲ. ಆದರೆ ಅದಕ್ಕೂ ಕಷ್ಟಗಳು ತಪ್ಪಲಿಲ್ಲ. ಮೊದಲ ಉಪಗ್ರಹಗಳಲ್ಲಿದ್ದ ಆಮದು ಮಾಡಿದ ಪರಮಾಣು ಗಡಿಯಾರಗಳು ಕೆಟ್ಟವು. ದೇಶದಲ್ಲೇ ತಯಾರಾದ ರುಬಿಡಿಯಂ ಗಡಿಯಾರ ಹೊತ್ತ ಉಪಗ್ರಹ 2023ರ ಮೇ 29ರಂದು ಹಾರಿತು. 2025ರ ಜನವರಿಯಲ್ಲಿ ಹಾರಿದ ಇನ್ನೊಂದು, ಉದ್ದೇಶಿಸಿದ ಕಕ್ಷೆ ಸೇರಲಾಗಲಿಲ್ಲ. ಕೋಟಿಗಟ್ಟಲೆ ಬೆಲೆಯ ಉಪಗ್ರಹಗಳೇ ಹೀಗೆ ಎಡವುವಾಗ ಅಂಗೈ ಮೇಲಿನ ಉಪಕರಣ ಎಡವುವುದು ಸಹಜವೇ.

ಹತ್ತು ಗುಂಟೆಯ ಪ್ರಶ್ನೆ

ಪ್ರವಾಸಿಗೆ ಐದು ಮೀಟರ್ ತಪ್ಪು ದೊಡ್ಡದಲ್ಲ. ಆದರೆ ಈ ತಾಲ್ಲೂಕುಗಳಲ್ಲಿ ಅದೇ ಐದು ಮೀಟರ್ ಒಂದು ಕುಟುಂಬದ ಅನ್ನದ ಪ್ರಶ್ನೆಯೂ ಆಗಿದೆ. ಸಿದ್ದಿ, ಕುಣಬಿ, ಗೌಳಿ ಮೊದಲಾದ ಜನ ತಲೆಮಾರುಗಳಿಂದ ಕಾಡಿನ ನಡುವೆ ಸಣ್ಣ ಗದ್ದೆ–ತೋಟ ಮಾಡಿಕೊಂಡು ಬಂದಿದ್ದಾರೆ. 2006ರ ಅರಣ್ಯ ಹಕ್ಕು ಕಾಯ್ದೆಯಡಿ ಸಲ್ಲಿಸಿದ ಅರ್ಜಿಗಳಿಗಾಗಿ ಉತ್ತರ ಕನ್ನಡದಲ್ಲಿ ಜಿಪಿಎಸ್ ಹಿಡಿದು ಜಮೀನು ಅಳೆಯಲಾಯಿತು. ಆ ಅಳತೆ ಸರಿಯಿಲ್ಲವೆಂಬ ದೂರು ಜಿಲ್ಲೆಯಲ್ಲಿ ವರ್ಷಗಳಿಂದ ಕೇಳಿಬಂದಿದೆ.

ಲೆಕ್ಕ ಹಾಕಿ ನೋಡಬಹುದು. ಹತ್ತು ಗುಂಟೆ ಎಂದರೆ ಸುಮಾರು 1012 ಚದರ ಮೀಟರ್. ಚೌಕವಾಗಿದ್ದರೆ ಒಂದು ಬದಿ ಸುಮಾರು 32 ಮೀಟರ್. ಮರದ ನೆರಳಿನಲ್ಲಿ ಅಳೆಯುವಾಗ ನಾಲ್ಕೂ ಬದಿ ಮೂರು ಮೂರು ಮೀಟರ್ ಒಳಸರಿದರೆ ಉಳಿಯುವುದು 26 ಮೀಟರ್ ಬದಿಯ ಚೌಕ, 676 ಚದರ ಮೀಟರ್. ಹತ್ತು ಗುಂಟೆ ಏಳು ಗುಂಟೆಗೂ ಕಡಿಮೆಯಾಯಿತು. ಇದೇ ತಪ್ಪು ನೂರು ಎಕರೆಯ ತೋಟದಲ್ಲಿ ಗಮನಕ್ಕೇ ಬಾರದು. ಜಮೀನು ಸಣ್ಣದಾದಷ್ಟೂ ತಪ್ಪಿನ ಭಾರ ಹೆಚ್ಚು. ನಾಲ್ಕೂ ಮೂಲೆಗಳು ಒಂದೇ ದಿಕ್ಕಿಗೆ ಸರಿದರೆ ವಿಸ್ತೀರ್ಣ ಬದಲಾಗದು ಎಂಬುದೂ ನಿಜ. ಆದರೆ ಒಂದು ಮೂಲೆ ಬಯಲಿನಲ್ಲಿ, ಇನ್ನೊಂದು ಮೂಲೆ ಮರದಡಿ ಇದ್ದಾಗ ಹಾಗಾಗುವುದಿಲ್ಲ.

ಕಾಯ್ದೆಯ ನಿಯಮಗಳನ್ನು ಮಾಡಿದವರು ಇದನ್ನು ಮರೆತಿಲ್ಲ. ಉಪಗ್ರಹ ಚಿತ್ರ ಮತ್ತಿತರ ತಂತ್ರಜ್ಞಾನ ಬೇರೆ ಸಾಕ್ಷ್ಯಗಳಿಗೆ ಪೂರಕವಾಗಬಹುದು, ಅವುಗಳಿಗೆ ಬದಲಿಯಾಗಲಾರದು ಎಂದು 2012ರಲ್ಲಿ ತಿದ್ದುಪಡಿಯಾದ ನಿಯಮಗಳು ಹೇಳುತ್ತವೆ. ಊರ ಹಿರಿಯರ ಹೇಳಿಕೆ, ಹಳೆಯ ಮನೆ, ಗದ್ದೆಯ ಒಡ್ಡು – ಇವೂ ಸಾಕ್ಷ್ಯಗಳೇ. ಬೆಟ್ಟ ಹತ್ತುವವರಿಗೂ ಇದಕ್ಕಿಂತ ಒಳ್ಳೆಯ ಸೂತ್ರವಿಲ್ಲ: ಯಂತ್ರ ಒಬ್ಬ ಸಾಕ್ಷಿ, ನ್ಯಾಯಾಧೀಶನಲ್ಲ.

ನಡೆಯುವವರು ಮಾಡಬೇಕಾದ್ದು

ಕಾಳಿ ಹುಲಿ ಸಂರಕ್ಷಿತ ಪ್ರದೇಶ ಈ ಸೀಮೆಯ ಬಹುಭಾಗವನ್ನು ಆವರಿಸಿದೆ. 2007ರಲ್ಲಿ ‘ದಾಂಡೇಲಿ–ಅಣಶಿ’ ಎಂದು ಘೋಷಣೆಯಾಗಿ 2015ರಲ್ಲಿ ಈಗಿನ ಹೆಸರು ಪಡೆದ ಕಾಡಿದು. ಅರಣ್ಯ ಇಲಾಖೆಯ ಅನುಮತಿ ಮತ್ತು ಸ್ಥಳೀಯ ಮಾರ್ಗದರ್ಶಕ ಇಲ್ಲದೆ ಇಲ್ಲಿ ಹೆಜ್ಜೆ ಇಡಕೂಡದು. ಮಗುವನ್ನು ಕಳುಹಿಸುವ ಮುನ್ನ ತಂದೆ–ತಾಯಿ ಕೇಳಬೇಕಾದ ಮೊದಲ ಪ್ರಶ್ನೆ ‘ಜಿಪಿಎಸ್ ಇದೆಯೇ?’ ಎಂದಲ್ಲ, ‘ಅನುಮತಿ ಇದೆಯೇ, ಊರಿನವರು ಜೊತೆಗಿದ್ದಾರೆಯೇ, ಎಷ್ಟು ಹೊತ್ತಿಗೆ ಮರಳುತ್ತೀರೆಂದು ಯಾರಿಗೆ ತಿಳಿಸಿದ್ದೀರಿ?’ ಎಂದು.

ಹೊರಡುವ ಬೆಳಿಗ್ಗೆ ಉಪಕರಣವನ್ನು ತೆರೆದ ಬಯಲಿನಲ್ಲಿ ಚಾಲೂ ಮಾಡಿ ಕಾಲು ಗಂಟೆ ಬಿಡಬೇಕು. ಬಿಡಾರದ ಜಾಗವನ್ನು ಗುರುತು ಹಾಕಿ, ಅಂಕಿಗಳನ್ನು ಕಾಗದದ ಮೇಲೂ ಬರೆದುಕೊಳ್ಳಬೇಕು. ಸೇತುವೆ, ದೇವಸ್ಥಾನದಂಥ ಗೊತ್ತಿರುವ ಜಾಗದಲ್ಲಿ ನಿಂತು ಯಂತ್ರ ಸರಿ ಹೇಳುತ್ತಿದೆಯೇ ಎಂದು ಪರೀಕ್ಷಿಸಬೇಕು. ನೆಟ್‌ವರ್ಕ್ ಇಲ್ಲದೆ ತೆರೆಯುವ ನಕ್ಷೆ, ಬದಲಿ ಬ್ಯಾಟರಿ, ಕಾಗದದ ನಕ್ಷೆ, ದಿಕ್ಸೂಚಿ, ಟಾರ್ಚು, ಸೀಟಿ, ನೀರು ಜೊತೆಗಿರಲಿ.

ನಡೆಯುವಾಗ ಉಪಕರಣ ಜೇಬಿನಲ್ಲಿರದೆ ಆಕಾಶ ಕಾಣುವಂತೆ ಹೆಗಲ ಮೇಲಿರಲಿ. ದಾರಿ ಕವಲೊಡೆದ ಕಡೆ, ಹಳ್ಳ ದಾಟಿದ ಕಡೆ ಒಂದು ನಿಮಿಷ ನಿಂತು ಗುರುತು ಹಾಕಬೇಕು. ತೆರೆಯ ಮೇಲೆ ‘5 ಮೀಟರ್’ ಎಂದು ಕಾಣುವ ನಿಖರತೆ ಯಂತ್ರದ ಅಂದಾಜು ಮಾತ್ರ, ಖಾತರಿಯಲ್ಲ. ಬಂಡೆಯ ಪ್ರತಿಧ್ವನಿಯಿಂದ ಮೋಸಹೋದ ಯಂತ್ರಕ್ಕೆ ತಾನು ಮೋಸಹೋದದ್ದು ತಿಳಿದಿರುವುದಿಲ್ಲ. ನಿಂತಲ್ಲೇ ನಿಂತಾಗ ಬಾಣದ ಗುರುತು ಗಿರಕಿ ಹೊಡೆದರೆ ಗಾಬರಿ ಬೇಡ. ಕಾಂತಸೂಜಿಯಿಲ್ಲದ ಉಪಕರಣಕ್ಕೆ ನಡೆಯುವಾಗ ಮಾತ್ರ ದಿಕ್ಕು ತಿಳಿಯುತ್ತದೆ.

ತಪ್ಪನ್ನು ಹಿಡಿಯಲು ಸರಳ ಗಣಿತವೇ ಸಾಕು. ಏರುದಾರಿಯಲ್ಲಿ ಮನುಷ್ಯ ತಾಸಿಗೆ ಎರಡು–ಮೂರು ಕಿ.ಮೀ. ನಡೆಯುತ್ತಾನೆ, ಎಂದರೆ ನಿಮಿಷಕ್ಕೆ 50 ಮೀಟರ್ ಮೀರದು. ಹಿಂದಿನ ನಿಮಿಷಕ್ಕೂ ಈಗಿನದಕ್ಕೂ ಚುಕ್ಕಿ 300 ಮೀಟರ್ ಹಾರಿದ್ದರೆ ಹಾರಿದ್ದು ಚುಕ್ಕಿ, ನಾವಲ್ಲ. ಡಿಸೆಂಬರಿನ ಸಂಜೆ ಸೂರ್ಯ ನೈಋತ್ಯದಲ್ಲಿರುತ್ತಾನೆ. ಯಂತ್ರ ಅದೇ ದಿಕ್ಕನ್ನು ‘ಉತ್ತರ’ ಎಂದರೆ ಸೂರ್ಯನನ್ನೇ ನಂಬಬೇಕು. ಬಯಲಿನಲ್ಲಿ ರಾತ್ರಿಯಾದರೆ ಧ್ರುವನಕ್ಷತ್ರ ಇದೆ. ಅದು ದಿಗಂತದಿಂದ ಎಷ್ಟು ಡಿಗ್ರಿ ಎತ್ತರವೋ ಆ ಸ್ಥಳದ ಅಕ್ಷಾಂಶವೂ ಅಷ್ಟೇ. ದಾಂಡೇಲಿಯಲ್ಲಿ ಸುಮಾರು 15 ಡಿಗ್ರಿ, ಕೈ ನೀಡಿ ಹಿಡಿದ ಮುಷ್ಟಿಯ ಒಂದೂವರೆ ಪಟ್ಟು.

ನೀರಿನ ಹರಿವೂ ಒಳ್ಳೆಯ ಸಾಕ್ಷಿ. ಜೋಯಿಡಾದ ಹೆಚ್ಚಿನ ಹಳ್ಳಗಳು ಕೊನೆಗೆ ಕಾಳಿಯನ್ನು ಸೇರಿ ಕಾರವಾರದಲ್ಲಿ ಅರಬ್ಬೀ ಸಮುದ್ರ ಕಾಣುತ್ತವೆ. ಮುಂಡಗೋಡದ ಮಳಗಿ ಬಳಿಯ ಧರ್ಮಾ ಜಲಾಶಯದ ನೀರು ಹಾನಗಲ್ ಕಡೆ ಹರಿದು, ವರದೆಯನ್ನೂ ತುಂಗಭದ್ರೆಯನ್ನೂ ಕೂಡಿ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಹಳ್ಳ ಯಾವ ಕಡೆ ಹರಿಯುತ್ತಿದೆ ಎಂಬುದು ನಕ್ಷೆಗೆ ಹೊಂದದಿದ್ದರೆ ನಾವು ತಿಳಿದ ಜಾಗದಲ್ಲಿ ನಾವಿಲ್ಲ ಎಂದೇ ಅರ್ಥ. ಆದರೆ ಹಳ್ಳದ ಜಾಡು ಹಿಡಿದು ಕೆಳಕ್ಕಿಳಿಯುವುದು ಘಟ್ಟದಲ್ಲಿ ಅಪಾಯ. ಅದು ಜಲಪಾತದ ನೆತ್ತಿಗೂ ಒಯ್ಯಬಹುದು.

ಯಂತ್ರವೂ ಕಣ್ಣೂ ಬೇರೆ ಬೇರೆ ಹೇಳಿದರೆ? ಮೊದಲು ನಿಲ್ಲಬೇಕು. ಕುಳಿತು ನೀರು ಕುಡಿದು, ಕೊನೆಯ ಬಾರಿ ಖಚಿತವಾಗಿ ಗೊತ್ತಿದ್ದ ಜಾಗ ಯಾವುದೆಂದು ನೆನೆಯಬೇಕು. ನಡೆದು ಬಂದ ದಾರಿಯಲ್ಲೇ ಅಲ್ಲಿಗೆ ಮರಳಬೇಕು. ‘ಬಿಡಾರ ಆಚೆ ದಡದಲ್ಲಿ ಕಾಣುತ್ತಿದೆ’ ಎಂದು ಯಂತ್ರ ತೋರಿಸಿದರೂ ಕಾಳಿಯನ್ನು ದಾಟುವ ಸಾಹಸ ಎಂದಿಗೂ ಬೇಡ. ಗಣೇಶಗುಡಿಯಲ್ಲಿ 101 ಮೀಟರ್ ಎತ್ತರದ ಸೂಪಾ ಅಣೆಕಟ್ಟು ಇದೆ. ವಿದ್ಯುತ್ ಉತ್ಪಾದನೆಗಾಗಿ ನೀರು ಬಿಟ್ಟಾಗ ಮಳೆಯಿಲ್ಲದ ದಿನವೂ ಕೆಳಗೆ ಮಟ್ಟ ಏರುತ್ತದೆ. ದಾಂಡೇಲಿಯ ಹೊಳೆಯಲ್ಲಿ ಮೊಸಳೆಗಳೂ ಇವೆ. ಕತ್ತಲಾದರೆ ಒಟ್ಟಿಗೇ ಉಳಿದು, ಮೂರು ಮೂರು ಬಾರಿ ಸೀಟಿ ಊದುತ್ತ ಬೆಳಕಿಗಾಗಿ ಕಾಯುವುದೇ ಜಾಣತನ. ಸಿಗ್ನಲ್ ಸಿಕ್ಕೊಡನೆ 112.

ಬಂಡಿಗಳು ಹೋದ ದಾರಿ

ಪ್ರತಿ ವರ್ಷ ಭಾರತ ಹುಣ್ಣಿಮೆಯ ಸುಮಾರಿಗೆ ಧಾರವಾಡ, ಬೆಳಗಾವಿ ಸೀಮೆಯಿಂದ ಎತ್ತಿನ ಬಂಡಿಗಳು ಹಳಿಯಾಳ, ದಾಂಡೇಲಿ ದಾಟಿ ಜೋಯಿಡಾ ತಾಲ್ಲೂಕಿನ ಉಳವಿಯ ಚನ್ನಬಸವೇಶ್ವರ ಜಾತ್ರೆಗೆ ಬರುತ್ತವೆ. ಉಪಗ್ರಹಗಳು ಹಾರುವುದಕ್ಕೆ ಬಹಳ ಮೊದಲಿನಿಂದಲೂ ಬಂಡಿ ಹೂಡಿದವರು ಈ ದಾರಿಯನ್ನು ಬಲ್ಲರು. ನೀರಿನ ನೆಲೆ, ತಂಗುವ ಮರ, ಏರು ಇಳಿಜಾರುಗಳನ್ನು ತಂದೆಯಿಂದ ಮಗ ಕಲಿತ. ಒಂದು ಗುರುತು ಅಳಿದರೆ ಇನ್ನೊಂದು ಇರುತ್ತಿತ್ತು.

ಆ ಕಲಿಕೆ ಶಾಲೆಯ ಅಂಗಳದಲ್ಲೂ ಸಾಧ್ಯ. ಮಕ್ಕಳು ಒಂದು ಕಲ್ಲಿನ ಮೇಲೆ ಮೊಬೈಲ್ ಇಟ್ಟು, ಹತ್ತು ನಿಮಿಷಕ್ಕೊಮ್ಮೆ ಅಕ್ಷಾಂಶ–ರೇಖಾಂಶ ಬರೆದುಕೊಂಡು ಗ್ರಾಫ್ ಹಾಳೆಯಲ್ಲಿ ಚುಕ್ಕಿ ಇಡಲಿ. ಅಕ್ಷಾಂಶದ ಒಂದು ಸೆಕೆಂಡಿಗೆ ಸುಮಾರು 31 ಮೀಟರ್ ಎಂದು ಹಿಡಿದು ಚುಕ್ಕಿಗಳು ಎಷ್ಟು ಚದುರಿವೆ ಎಂದು ಅಳೆಯಲಿ. ಆಮೇಲೆ ಅದೇ ಪ್ರಯೋಗವನ್ನು ಮಾವಿನ ಮರದ ಕೆಳಗೆ, ಗೋಡೆಯ ಪಕ್ಕದಲ್ಲಿ ಮಾಡಲಿ. ಕಲ್ಲು ಕದಲಿಲ್ಲ, ಚುಕ್ಕಿ ಕದಲಿತು ಎಂಬುದನ್ನು ಒಮ್ಮೆ ಕಣ್ಣಾರೆ ಕಂಡ ಮಗು, ಮುಂದೆ ಜೋಯಿಡಾದ ಕಣಿವೆಯಲ್ಲಿ ಯಂತ್ರ ಹೊಳೆಯ ಆಚೆ ದಡ ತೋರಿಸಿದಾಗ ನೀರಿಗಿಳಿಯುವ ಮೊದಲು ಎರಡು ಬಾರಿ ಯೋಚಿಸುತ್ತದೆ.